ಬೂಷ್ಟಿನ ಕೋಣೆಯ ಕಾಶವ್ವ

ಬೂಷ್ಟು ಕಂಡರೆ ಕಾಶವ್ವನಿಗೆ ಆಗುತ್ತಿರಲಿಲ್ಲ. ಅಂಥವಳಿಗೆ ಸಿಕ್ಕ ನೌಕರಿ ಬೂಷ್ಟು ಬೆಳೆಸುವುದು.

ಎಪ್ಪತ್ತೆಂಟರ ಮಳೆಗಾಲ. ಬೆಳಗಾವಿಯ ಅಂಚಿನಲ್ಲಿ ತಾತ್ಯಾಸಾಹೇಬರದೊಂದು ಸಣ್ಣ ಕಾರ್ಖಾನೆ. ಅಲ್ಲಿ ಗೋಧಿ ತವುಡನ್ನು ಹಬೆಯಲ್ಲಿ ಬೇಯಿಸಿ, ತಟ್ಟೆಯಲ್ಲಿ ಹರವಿ, ಮೇಲೆ ಬೂಷ್ಟಿನ ಬೀಜ ಉದುರಿಸುತ್ತಿದ್ದರು. ಬೂಷ್ಟು ಬೆಳೆಯುತ್ತ ಬಿಡುವ ಕಿಣ್ವವನ್ನು ಪುಡಿ ಮಾಡಿ, ಮಗ್ಗದ ಬಟ್ಟೆಯ ಗಂಜಿ ತೆಗೆಯಲು ಮಾರುತ್ತಿದ್ದರು. ತವುಡು ಕುಟ್ಟಿ ಪಗಾರ ಎಣಿಸುವವರು ಕಚೇರಿಗಳಲ್ಲಿ ಬೇಕಾದಷ್ಟಿದ್ದರು. ನಿಜವಾದ ತವುಡು ಕಾಶವ್ವನ ಪಾಲಿಗೆ ಬಂದಿತ್ತು.

ಆ ಕೋಣೆಗೆ ತೊಯ್ದ ನಾಯಿಯ ನಾತ. ಮನೆಗೆ ಹೋಗಿ ಎರಡು ಸಲ ಮಿಂದರೂ ಬಿಸಿ ರೊಟ್ಟಿ ಮುರಿದಾಗ ಅದೇ ವಾಸನೆ ಏಳುತ್ತಿತ್ತು. ಪಕ್ಕದ ಪ್ಯಾಕಿಂಗ್ ಕೋಣೆಯಲ್ಲೋ ಕಿಟಕಿಯಿತ್ತು, ಫ್ಯಾನಿತ್ತು.

"ಸಾಹೇಬ್ರ, ನನ್ನ ಪ್ಯಾಕಿಂಗಿಗೆ ಹಾಕ್ರಿ. ಈ ಗಲೀಜು ಇನ್ನ ನನ್ನ ಕೈಲೆ ಆಗೂದಿಲ್ಲ."

"ಪ್ಯಾಕ್ ಮಾಡಾಕ ಮಾಲು ಬೇಕಲ್ಲವಾ?" ಎಂದರು ತಾತ್ಯಾಸಾಹೇಬರು. "ಬೂಷ್ಟು ನೆಟ್ಟಗ ದುಡೀಲಿ, ಮರುದಿನಾನ ಹಾಕ್ತೀನಿ."

ಬೂಷ್ಟು ದುಡಿಯುತ್ತಿರಲಿಲ್ಲ. ಕೆಮಿಸ್ಟ್ ಚನ್ನಬಸಯ್ಯ ಬೀಡಿ ಎಂಬ ಊರಿನವನು. ಮನೆಯಲ್ಲೇ ಗಾಣ, ಬೆಲ್ಲ. ಬಂದವರಿಗೆಲ್ಲ ಬೆಲ್ಲ-ನೀರು ಕೊಟ್ಟು ಬೆಳೆದವನು ಬೂಷ್ಟಿಗೂ ಅದೇ ಉಪಚಾರ ಮಾಡಿದ. ತವುಡಿಗೆ ಮೊದಲು ಒಂದು ಚಮಚೆ ಬೆಲ್ಲ, ಆಮೇಲೆ ಎರಡು, ಆಮೇಲೆ ನಾಲ್ಕು. ಬೂಷ್ಟು ಕುರಿಯ ಉಣ್ಣೆಯಂತೆ ಉಬ್ಬಿತು; ಅದು ಹಸಿರು ತಿರುಗಿದ ಮೇಲೆಯೇ ತಟ್ಟೆ ತೆಗೆಯುತ್ತಿದ್ದ. ಆದರೆ ಅದರ ಪುಡಿ ಬೆರೆಸಿದ ಗಂಜಿಗೆ ಅಯೋಡಿನ್ ಬಿಟ್ಟರೆ ನೀಲಿ ಬಣ್ಣ ಕದಲುತ್ತಿರಲಿಲ್ಲ. ಗಂಜಿ ಕರಗಿಯೇ ಇಲ್ಲ ಎಂದರ್ಥ.

"ಎಷ್ಟ್ ಚಂದ ಬೆಳದೈತಿ ನೋಡವಾ!" ಎನ್ನುತ್ತಿದ್ದ ಚನ್ನಬಸಯ್ಯ.

"ನೋಡಿದ್ರ ವಾಂತಿ ಬರ್ತೈತ್ರಿ."

ಆಕೆಗೆ ಗೊತ್ತಿದ್ದ ಒಂದು ಸಂಗತಿ ಗಂಡನಿಗೂ ಗೊತ್ತಿರಲಿಲ್ಲ. ಗುಂಜಿ ಎಂಬ ಹಳ್ಳಿಯ ತವರಿನಲ್ಲಿ, ಎಂಟು ವರ್ಷದವಳಿದ್ದಾಗ, ವಾರಗಟ್ಟಲೆ ಬಿಡದ ಮಳೆಯಲ್ಲಿ ಹಸಿವು ತಾಳದೆ ಗಡಿಗೆಯಲ್ಲಿ ಬೂಷ್ಟು ಹಿಡಿದ ಅನ್ನ ತಿಂದಿದ್ದಳು. ಅನ್ನ ಸಿಹಿಯಾಗಿತ್ತು. ಆ ಸಿಹಿ ನೆನೆದರೆ ಈಗಲೂ ನಾಲಿಗೆ ಒಳಗೆ ಸೇದಿಕೊಳ್ಳುತ್ತಿತ್ತು. ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಈ ಕೋಣೆಯೇ ಗತಿ. ಕೊನೆಗೆ ಗೋಡೆಯತ್ತ ಮುಖ ಮಾಡಿ ಚನ್ನಬಸಯ್ಯನಿಗೆ ಹೇಳಿಬಿಟ್ಟಳು.

"ಬೆಲ್ಲ ಹಾಕಿರಲಿಲ್ರಿ, ಆದ್ರೂ ಸಿಹಿ. ಅಂದ್ರ ಅದು ತಾನ ಅನ್ನದಾಗಿನ ಗಂಜಿ ಒಡದು ಸಿಹಿ ಮಾಡ್ಕೊಂಡೈತಿ. ನೀವು ಕುಂತಲ್ಲೆ ಬೆಲ್ಲ ತಿನಿಸಿದ್ರ ಅದ್ಯಾಕ ದುಡೀತೈತ್ರಿ? ಮತ್ತ ಹಸರಾಗೂ ತನಕ ಯಾಕ ಕಾಯ್ತೀರಿ? ನಾ ತಿಂದಾಗ ಬೆಳ್ಳಗಿತ್ತು."

ಚನ್ನಬಸಯ್ಯ ನಗಲಿಲ್ಲ. ಬೆಲ್ಲ ಬಿಟ್ಟ. ತವುಡಿಗೆ ಹಿಡಿ ಶೇಂಗಾ ಹಿಂಡಿ ಬೆರೆಸಿ, ಎಂದಿನಂತೆ ಕಾಶವ್ವನ ಕೈ ಅಂದಾಜಿನಲ್ಲೇ ನೀರು ಹಾಕಿಸಿ, ಬೂಷ್ಟು ಬೆಳ್ಳಗಿರುವಾಗಲೇ ತಟ್ಟೆ ತೆಗೆದ. ಈ ಸಲ ನೀಲಿ ಬಣ್ಣ ನೋಡನೋಡುತ್ತಲೇ ಮಾಯವಾಯಿತು.

ಮರುದಿನ ತಾತ್ಯಾಸಾಹೇಬರು ಪೇಢೆ ತಂದರು. "ಕಾಶವ್ವಾ, ನಿನ್ನಂಥಾಕಿನ್ನ ಪ್ಯಾಕಿಂಗಿಗೆ ಹಾಕಿದ್ರ ಮಂದಿ ನನಗ ನಗ್ತಾರ. ಇವತ್ತಿಂದ ಈ ಕೋಣಿಗೆ ನೀನ ಮುಕಾದಮ್, ನೀ ಹೇಳಿದ್ದ ನಡೀಬೇಕು!"

ಕಾಶವ್ವ ಪೇಢೆ ಮುಟ್ಟಲಿಲ್ಲ. "ನೀರು ಎಷ್ಟ್ ಹಾಕಬೇಕಂತ ನಾ ಇನ್ನೂ ಹೇಳಿಲ್ರಿ, ಸಾಹೇಬ್ರ. ಅದನ್ನ ಪ್ಯಾಕಿಂಗ್ ಕೋಣ್ಯಾಗ ಕುಂತ್ ಹೇಳ್ತೀನಿ" ಎಂದವಳೇ ಹೋಗಿ ಫ್ಯಾನಿನ ಕೆಳಗಿನ ಸ್ಟೂಲಿನ ಮೇಲೆ ಕೂತಳು.

ಹನ್ನೊಂದು ವರ್ಷ ಅಲ್ಲಿಂದ ಏಳಲಿಲ್ಲ. ದಿನಾ ಬೆಳಿಗ್ಗೆ ಚನ್ನಬಸಯ್ಯ ಕಿಟಕಿಯಾಚೆ ನಿಂತು ತೊಯ್ದ ತವುಡನ್ನು ಮುಷ್ಟಿಯಲ್ಲಿ ಹಿಂಡಿ ತೋರಿಸುತ್ತಿದ್ದ. ಆಕೆ ಮೂಗಿಗೆ ಸೆರಗು ಒತ್ತಿ, ಉಂಡೆ ಬಿರಿಯುತ್ತದೋ ಇಲ್ಲವೋ ನೋಡಿ ತೀರ್ಪು ಕೊಡುತ್ತಿದ್ದಳು:

"ನೀರು ಜಾಸ್ತಿ ಆತು. ಥೂ, ದೂರ ಹಿಡೀರಿ ಅದನ್ನ!"