ಗಾಲಿಯ ಹಿಂದಿನ ಭಂಡಾರ

ಮಿಸ್ತ್ರಿ ಕಾಕಾರ ಬಲ ಅಂಗೈಯಲ್ಲಿ ಒಂದು ಗೆರೆಯೂ ಇರಲಿಲ್ಲ. ಬಿಸಿಯಾದ ಬ್ರೇಕಿನ ಡ್ರಮ್ಮನ್ನು ಮುಟ್ಟಿ ಮುಟ್ಟಿ ಚರ್ಮ ಸುಟ್ಟು, ಸುಲಿದು, ಮತ್ತೆ ಬಂದು, ಕೊನೆಗೆ ಸವೆದ ಚಪ್ಪಲಿಯ ಅಟ್ಟೆಯಂತೆ ನುಣ್ಣಗೆ ಹೊಳೆಯುತ್ತಿತ್ತು. ಅಕ್ಕಲಕೋಟೆಯ ಸಂತೆಯಲ್ಲಿ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಆ ಅಂಗೈ ಹಿಡಿದು ತಬ್ಬಿಬ್ಬಾಗಿದ್ದ. "ಬ್ರಹ್ಮ ಬರದದ್ದೆಲ್ಲಾ ಮೋಟಾರ ಅಳಿಸಿಬಿಟ್ಟೈತಿ. ನೀ ಏನ ಓದತೀಯಪ್ಪಾ?" ಎಂದು ಕಾಕಾ ನಕ್ಕಿದ್ದರು. ನನಗೀಗ ಎಪ್ಪತ್ತು ದಾಟಿದೆ. ಆ ಕೈ ಇನ್ನೂ ಕನಸಿಗೆ ಬರುತ್ತದೆ. ಮುಖ ಬರುವುದಿಲ್ಲ, ಕೈ ಮಾತ್ರ.

ಅವರು ಕರಜಗಿಯ ಕುರುಬರ ಮನೆತನದವರು. ಸೋಲಾಪುರದ ಗಿರಣಿಯೊಂದರಲ್ಲಿ ಇಂಜಿನ್ ನೋಡಿಕೊಳ್ಳುತ್ತ ಕೆಲಸ ಕಲಿತು, ಆಮೇಲೆ ಅಕ್ಕಲಕೋಟೆಗೆ ಬಂದು ಮನೆಯಂಗಳದ ಬೇವಿನ ಮರದಡಿಯಲ್ಲೇ ಮೋಟಾರು ರಿಪೇರಿ ಮಾಡುತ್ತಿದ್ದರು. ನಾನು ಹನ್ನೂರಿನ ಒಕ್ಕಲಿಗ. ಮೀಸೆ ಬರುವ ತನಕ ಬಂಡಿ ಹೊಡೆದವನು. ಮದುವೆಯಾದ ಮೇಲೆ ಅವರ ಪಕ್ಕದ ಮನೆಗೆ ಬಾಡಿಗೆಗೆ ಬಂದು, ಊರ ಸಾಹುಕಾರರೊಬ್ಬರ ಸರ್ವಿಸ್ ಮೋಟಾರಿಗೆ, ಈಗಿನ ಮಾತಿನಲ್ಲಿ ಬಸ್ಸಿಗೆ, ಡ್ರೈವರ್ ಆದೆ. ಇದು ಸಾವಿರದ ಒಂಬೈನೂರ ಮೂವತ್ತರ ಆಸುಪಾಸಿನ ಮಾತು.

ನಮ್ಮ ಮೋಟಾರಿಗೆ ಬ್ರೇಕು ಇದ್ದದ್ದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಹಿಂದಿನ ಅಚ್ಚಿನೊಳಗಿನ ಎಣ್ಣೆ ಹೊರಗೆ ಬಾರದಂತೆ ಗಾಲಿಯ ಹತ್ತಿರ ಒಂದು ಬಳೆ ಇರುತ್ತದೆ. ಆಗ ಅದು ಕುರಿಯ ತುಪ್ಪಟವನ್ನು ತುಳಿದು ಮಾಡಿದ ನಮದಾ. ಅದು ಸವೆದರೆ ಎಣ್ಣೆ ಡ್ರಮ್ಮಿಗೆ ಇಳಿಯುತ್ತದೆ, ಬ್ರೇಕಿನ ಪಟ್ಟಿ ನೆನೆಯುತ್ತದೆ, ಕಾಲು ಒತ್ತಿದರೂ ಗಾಲಿ ನಿಲ್ಲುವುದಿಲ್ಲ. ಹೊಸ ಬಳೆ ಮುಂಬಯಿಯಿಂದ ಬರಲು ತಿಂಗಳು ಬೇಕು. ಕಾಕಾ ಕಾಯುತ್ತಿರಲಿಲ್ಲ. ಅಣ್ಣನ ಹಿಂಡಿನ ಕರಿ ತುಪ್ಪಟ ತರಿಸಿ, ಅಂಟವಾಳದ ನೊರೆಯಲ್ಲಿ ನೆನೆಸಿ, ಹಾಸುಗಲ್ಲಿನ ಮೇಲೆ ಹರಡಿ, ಹೆಬ್ಬೆರಳ ದಪ್ಪ ಬರುವವರೆಗೆ ತುಳಿಯುತ್ತಿದ್ದರು. ಬಳೆ ಕತ್ತರಿಸಿ ಕೊಬ್ಬಿನಲ್ಲಿ ಕುದಿಸುತ್ತಿದ್ದರು. "ಮಳಿಗಾಲದಾಗ ಕುರಿ ಮೈಯಾಗ ನೀರ ಇಳೀತೈತೇನು? ಇಲ್ಲಲ್ಲ. ಹಂಗಾರ ಎಣ್ಣಿ ಎಲ್ಲಿ ಇಳೀತೈತಿ?" ಎನ್ನುತ್ತಿದ್ದರು. ನೆನೆದ ಪಟ್ಟಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೆಂಡತಿ ಕಾಕುವಿನ ಒಲೆಯ ಬಿಸಿಬೂದಿಯಲ್ಲಿ ಹೂಳುತ್ತಿದ್ದರು. ಬೂದಿ ಎಣ್ಣೆಯನ್ನು ಹೀರಿದ ಮೇಲೆ ಇಟ್ಟಿಗೆಯ ಚೂರಿನಿಂದ ತಿಕ್ಕಿ ಒರಟು ಮಾಡುತ್ತಿದ್ದರು. "ನನ್ನ ಒಲ್ಯಾಗ ರೊಟ್ಟಿಗಿಂತ ಇವರ ಪಟ್ಟೀನ ಹೆಚ್ಚ ಬೇಯ್ತಾವ," ಎಂದು ಕಾಕು ಬೈಯುವುದು ಓಣಿಗೆಲ್ಲ ಕೇಳುತ್ತಿತ್ತು.

ಗಾಲಿ ಕೂಡಿಸಿದ ಮೇಲೆ ಕಾಕಾ ಸೊಂಟದ ಚೀಲ ಬಿಚ್ಚಿ, ಕುಲದೇವರು ಬೀರೋಬನ ಹೆಸರು ಹೇಳಿ, ಗಾಲಿಯ ಹಿಂಬದಿಯ ತಗಡಿಗೆ ಭಂಡಾರ, ಅಂದರೆ ದೇವರ ಅರಿಶಿನದ ಪುಡಿ, ಸವರುತ್ತಿದ್ದರು. ನೋಡಿದವರು ಪೂಜೆ ಎಂದು ಕೈ ಮುಗಿಯುತ್ತಿದ್ದರು. ನಾನೂ ಮುಗಿದಿದ್ದೆ. ಆಮೇಲೆ ಗುಟ್ಟು ಹೇಳಿದರು: "ದೇವರು ಕಾಯ್ತಾನ, ಖರೆ. ಆದ್ರ ಒಂದ ಹನಿ ಸೋರಿದ್ರೂ ಅರಿಷಿಣ ಕರ್ರಗಾಗತೈತಿ. ಮುಂಜಾನಿ ಎದ್ದು ಭಂಡಾರ ಒಣ ಇದ್ರ ಗಾಡಿ ಬಿಡು, ಹಸಿ ಇದ್ರ ನನ್ನ ಕರಿ." ಇನ್ನೊಂದು ಪದ್ಧತಿಯೂ ಇತ್ತು. ತಾವು ಕೂಡಿಸಿದ ಗಾಲಿಯ ಮೊದಲ ಸವಾರಿಗೆ ತಾವೇ ಹತ್ತಬೇಕು, ಅದೂ ಹಿಂದಿನ ಮೆಟ್ಟಿಲ ಮೇಲೆ, ಕೈಯಲ್ಲಿ ಜಾಲಿಯ ದಿಮ್ಮಿ ಹಿಡಿದು. ಗಾಡಿ ನಿಲ್ಲದಿದ್ದರೆ ಗಾಲಿಗೆ ಅಡ್ಡ ಕೊಡಲು ಆ ದಿಮ್ಮಿ.

ಆ ಬೇಸಿಗೆಯಲ್ಲಿ ಎರಡೂ ಗಾಲಿಗೆ ಹೊಸ ನಮದಾ ಹಾಕಿದರು. ಅಚ್ಚಿಗೆ ಎಣ್ಣೆ ಹಾಕಿ, ನನ್ನ ಬೆರಳು ಹಿಡಿದು ತೂತಿನೊಳಗೆ ಇಳಿಸಿ ತೋರಿಸಿದರು. "ತೂತಿನಿಂದ ಎರಡ ಬಟ್ಟ ಕೆಳಗ ಇರಬೇಕು. ಮ್ಯಾಲ ಬರಬಾರದು. ಬಟ್ಟು ಹಾಕಿ ನೋಡು, ಕಣ್ಣ ನಂಬಬ್ಯಾಡ." ನಾನು ಹೂಂ ಎಂದೆ.

ಹೂಂ ಎಂದವನು ಬಂಡಿಯವನು. ಬಂಡಿಯ ಅಚ್ಚು ಒಣಗಿ ಕಿರುಗುಟ್ಟಿದರೆ ಊರೆಲ್ಲ ನಗುತ್ತದೆ. "ಅಚ್ಚಿಗೆ ಎಣ್ಣಿ ಹಾಕಾಕ ಜಿಪುಣತನ ಮಾಡಿದ್ರ ಎತ್ತಿನ ಶಾಪ ತಟ್ಟತೈತಿ," ಎಂದು ಅಪ್ಪ ಹೇಳುತ್ತಿದ್ದ. ಮರುದಿನ ಮದುವೆಯ ದಿಬ್ಬಣ ಚಪಳಗಾಂವಕ್ಕೆ ಹೋಗಬೇಕಿತ್ತು. ಮದುವೆಯ ಗಾಡಿಯ ಅಚ್ಚು ಎರಡು ಬೆರಳು ಖಾಲಿಯೇ? ಮನಸ್ಸು ಒಪ್ಪಲಿಲ್ಲ. ಸಂಜೆ ಕಾಕಾ ಕೈ ತೊಳೆಯಲು ಹೋದಾಗ ಡಬ್ಬಿ ತಂದು ತೂತಿನ ಬಾಯಿಯವರೆಗೆ ಎಣ್ಣೆ ತುಂಬಿದೆ. ಪುಣ್ಯದ ಕೆಲಸ ಮಾಡಿದವನಂತೆ ಮಲಗಿದೆ.

ಬೆಳಿಗ್ಗೆ ನೋಡಿದರೆ ಹೆಚ್ಚಾದ ಎಣ್ಣೆ ನಮದಾ ದಾಟಿ, ಎರಡೂ ಕಡೆ ಭಂಡಾರ ಕರ್ರಗೆ ಹಸಿಯಾಗಿತ್ತು. ಕಾಕಾರನ್ನು ಕರೆಯಬೇಕಿತ್ತು. ಕರೆದರೆ ನಾನು ಮಾಡಿದ್ದು ತಿಳಿಯುತ್ತಿತ್ತು. ದಿಬ್ಬಣ ಆಗಲೇ ಗಾಡಿ ಹತ್ತಿ ಕುಳಿತಿತ್ತು, ಸಾಹುಕಾರರು ಕೋಲು ಕುಟ್ಟುತ್ತ, "ಚಲ ರೇ, ಉಶೀರ ಹೋತೋಯ!" ಎಂದು ಮರಾಠಿಯಲ್ಲಿ ಅವಸರ ಮಾಡುತ್ತಿದ್ದರು. ನಾನು ಅರಿವೆಯಿಂದ ಹಸಿ ಒರೆಸಿ, ಹೊಸ ಭಂಡಾರ ಸವರಿಬಿಟ್ಟೆ.

ಕಾಕಾ ದಿಮ್ಮಿ ಹಿಡಿದು ಬಂದರು. "ಭಂಡಾರ ಒಣ ಐತೇನು, ತಮ್ಮಾ?"

"ಒಣ ಐತ್ರಿ ಕಾಕಾ."

ಯಾವಾಗಲೂ ಬಗ್ಗಿ ನೋಡುವವರು ಅಂದು ಬಗ್ಗಲಿಲ್ಲ. ನನ್ನ ಮಾತು ನಂಬಿ ಹಿಂದಿನ ಮೆಟ್ಟಿಲು ಹತ್ತಿದರು.

ಚಪಳಗಾಂವದ ಈಚೆ ಹಳ್ಳದ ಇಳಿಜಾರಿನಲ್ಲಿ ಬ್ರೇಕು ಒತ್ತಿದೆ. ಕಾಲು ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಕೈಬ್ರೇಕು ಎಳೆದೆ, ಅದೂ ಅದೇ ಡ್ರಮ್ಮಿಗೆ ಸೇರಿದ್ದು. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಹೆಂಗಸರು ಹಾಡುತ್ತಲೇ ಇದ್ದರು. ಕೆಳಗೆ ಹಳ್ಳದ ಬಂಡೆಗಳು. ಹಿಂದೆ ಕಾಕಾ ಧುಮುಕಿದ್ದು ಕೇಳಿಸಿತು. ಮೊದಲ ಸಲ ದಿಮ್ಮಿ ಜಾರಿತು. ಎರಡನೆಯ ಸಲ ಅದನ್ನು ಜಾರಗೊಡದೆ ಕೈಯಿಂದಲೇ ಅದುಮಿ ಹಿಡಿದರು. ಗಾಡಿ ನಿಂತಿತು. ಹಾಡೂ ನಿಂತಿತು.

ಇಳಿದು ಓಡಿದೆ. ಗಾಲಿಗೂ ದಿಮ್ಮಿಗೂ ನಡುವೆ ಅವರ ಬಲಗೈ ಸಿಕ್ಕಿತ್ತು. ಅಂಗಾತ ಬಿದ್ದಿದ್ದರು. ಮುಖ ನೇರ ಅಚ್ಚಿನ ಕೆಳಗಿತ್ತು, ತುಂಬಿದ ತೂತಿನ ಬಾಯಿಂದ ಹಣೆಯ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ನನ್ನನ್ನೊಮ್ಮೆ ನೋಡಿ, "ಮಂದಿಗೆ ಏನೂ ಆಗಿಲ್ಲಲ್ಲ?" ಎಂದರು.

ಸೋಲಾಪುರದ ದವಾಖಾನೆಯಲ್ಲಿ ಮಣಿಕಟ್ಟಿನವರೆಗೆ ಕೈ ತೆಗೆದರು. ಸಾಹುಕಾರರು ಬಂದು, ಹೇಗಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಕಾಕಾ ಹೇಳಿದರು: "ನಮದಾ ಸರಿ ತುಳದಿದ್ದಿಲ್ಲ, ಸಾಹೇಬ್ರ. ನಂದ ತಪ್ಪು." ಬಾಯಿ ತೆರೆಯುತ್ತಿದ್ದೆ ಎಂದು ಬರೆದೆನಲ್ಲ, ಅದು ಸುಳ್ಳು. ನಾನು ಗೋಡೆ ನೋಡುತ್ತಿದ್ದೆ.

ಊರಲ್ಲಿ ಮಾತು ಹಬ್ಬಿತು: ಮಿಸ್ತ್ರಿಯ ನಮದಾ ಸೋರಿತಂತೆ, ದಿಬ್ಬಣವೇ ಹಳ್ಳ ಸೇರುತ್ತಿತ್ತಂತೆ. ಎಡಗೈಯಲ್ಲಿ ಕೆಲಸ ಮಾಡಲು ಅವರು ಕಲಿತರು. ಆದರೆ ಬೇವಿನಡಿಗೆ ಮತ್ತೆ ಒಂದು ಮೋಟಾರೂ ಬರಲಿಲ್ಲ. ನಾನು ಸೋಲಾಪುರಕ್ಕೆ ಹೋಗಿ ಗಿರಣಿಯ ಲಾರಿ ಹಿಡಿದೆ. ಅಕ್ಕಲಕೋಟೆಗೆ ಬಂದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ. ಕೈ ಹೋದರೆ ಕಾಲಿಗೇನಾಗಿದೆ ಎನ್ನುತ್ತ ತುಪ್ಪಟ ತುಳಿಯುತ್ತಲೇ ಇರುತ್ತಿದ್ದರು. ಯಾರಿಗೂ ಬೇಡವಾದ ಬಳೆಗಳು ಗೂಟಕ್ಕೆ ತೂಗುತ್ತಿದ್ದವು. ಪ್ರತಿ ಸಲ ಚಹಾ ಕುಡಿಯುವಾಗ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅವರೂ ಒಂದು ಕ್ಷಣ ತುಳಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ನಾನು ಮಳೆಯ ಮಾತು, ಮಕ್ಕಳ ಮಾತು ಎತ್ತುತ್ತಿದ್ದೆ. ಅವರು ಮತ್ತೆ ತುಳಿಯುತ್ತಿದ್ದರು. ಹೀಗೆ ಏಳು ವರ್ಷ ಕಳೆಯಿತು.

ಕೊನೆಯ ಸಲ ಹೋದಾಗ ಕಂಬಳಿ ಹೊದ್ದು ಮಲಗಿದ್ದರು. ಮಾತು ಕಡಿಮೆಯಾಗಿತ್ತು. ಏಳುವಾಗ ಕೈಯಿಲ್ಲದ ತೋಳು ಎತ್ತಿ ನನ್ನನ್ನು ನಿಲ್ಲಿಸಿದರು. "ಬಟ್ಟು ಹಾಕಿ ನೋಡ್ತೀಯಲ್ಲ, ತಮ್ಮಾ?"

"ನೋಡ್ತೀನ್ರಿ," ಎಂದೆ. ಹೊರಗೆ ಬಂದು ಬೇವಿನ ಬುಡದಲ್ಲಿ ಕುಳಿತುಬಿಟ್ಟೆ. ಒಳಗೆ ಹೋಗಿ ಹೇಳುವ ಧೈರ್ಯ ಆಗಲೂ ಬರಲಿಲ್ಲ. ವಾರದೊಳಗೆ ಹೋಗಿಬಿಟ್ಟರು.

ಮಣ್ಣು ಕೊಟ್ಟ ಮೂರನೆಯ ದಿನ ಕಾಕುವಿನ ಕಾಲು ಹಿಡಿದು ಎಲ್ಲವನ್ನೂ ಹೇಳಿದೆ: ಡಬ್ಬಿ, ಒರೆಸಿದ ಭಂಡಾರ, ಆಡಿದ ಸುಳ್ಳು. ಆಕೆ ಒಲೆಯ ಬೂದಿ ಕೆದಕುತ್ತಿದ್ದಳು.

"ದವಾಖಾನ್ಯಾಗ ಇದ್ದಾಗನ ನನಗ ಹೇಳ್ಯಾರ," ಎಂದಳು. "ನಾನ ಮಂದಿ ಮುಂದ ಹೇಳ್ತೀನಂದ್ರ ಬಿಡಲಿಲ್ಲ. ಹುಡುಗ ತಾನ ಬಂದು ಹೇಳ್ತಾನ, ನೋಡ್ತಿರು ಅಂದ್ರು. ನೀ ಬಂದಾಗೆಲ್ಲಾ ಹಾದಿ ನೋಡಿದ್ರು."