ಐದು ಲಡಿ ಬಿಳಿ ನೂಲು

ದೊಡ್ಡಉಳ್ಳಾರ್ತಿಯ ನಾಗರತ್ನಳಿಗೆ ನಲವತ್ತೊಂದು ತುಂಬಿತ್ತು. ಅಷ್ಟು ವರ್ಷದಲ್ಲಿ ಅವಳ ಅಳತೆಗೆಂದೇ ಆದ ಬೆಚ್ಚನೆಯ ಬಟ್ಟೆ ಒಂದೂ ಅವಳ ಮೈಮೇಲೆ ಬಿದ್ದಿರಲಿಲ್ಲ. ಚಿಕ್ಕವಳಿದ್ದಾಗ ಅಣ್ಣನ ಸ್ವೆಟರ್, ಮದುವೆಯಾದ ಮೇಲೆ ಗಂಡ ನಾಗೇಂದ್ರಪ್ಪನ ಹಳೇ ಜಾಕೆಟ್, ಈಗೀಗ ಮಗಳು ತೇಜಶ್ರೀ ಬಿಗಿಯಾಯಿತೆಂದು ಬಿಟ್ಟದ್ದು. ಊರಿನ ಹುಲ್ಲುಗಾವಲು, ಕಾವಲು ಅನ್ನುವುದು, ಅದರ ಆಚೆಗಿನ ಕಾಲೇಜು ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ ಅವಳಿಗೆ ಅಡುಗೆ ಕೆಲಸ. ಬೆಳಿಗ್ಗೆ ಆರಕ್ಕೆ ಆಟೋದಲ್ಲಿ ಕೂತರೆ, ಪುಷ್ಯ ಮಾಸದ ಗಾಳಿ ಒಂದು ಮರದ ತಡೆಯೂ ಇಲ್ಲದೆ ಬಂದು ನೇರ ಎದೆಗೇ ಹೊಡೆಯುತ್ತದೆ.

ಕ್ಯಾಂಟೀನಿಗೆ ಬರುತ್ತಿದ್ದ ಮೇಡಂ ಒಬ್ಬರು ಊಟ ಮುಗಿಸಿ ಸ್ವೆಟರ್ ಹೆಣೆಯುತ್ತಾ ಕೂರುತ್ತಿದ್ದರು. ನಾಗರತ್ನ ಪಾತ್ರೆ ಎತ್ತುವ ನೆಪದಲ್ಲಿ ಹತ್ತಿರ ನಿಂತು ನೋಡಿದಳು, ಆಮೇಲೆ ಕಲಿಸಿಕೊಡಿ ಎಂದು ಕೇಳಿಯೇ ಬಿಟ್ಟಳು. ಎರಡು ತಿಂಗಳಲ್ಲಿ ಸೀದಾ ಸಾಲು, ಉಲ್ಟಾ ಸಾಲು ಕೈಗೆ ಹತ್ತಿತು. ಬಿದಿರನ್ನು ಗಾಜಿನ ಚೂರಿನಿಂದ ಹೆರೆದು, ಹರಳೆಣ್ಣೆ ಸವರಿ ಹೆಣೆಯುವ ಕಡ್ಡಿ ಮಾಡಿಕೊಂಡಳು.

ನೂಲಿಗೇನು ಬರ? ಮನೆಯಲ್ಲಿ ಮೂವತ್ತು ಕುರಿ. ಆದರೆ ಎಲ್ಲವೂ ಕರಿ ಕುರಿ, ಕಂಬಳಿಗೆ ಹೇಳಿ ಮಾಡಿಸಿದ ಒರಟು ಉಣ್ಣೆ. ಆ ವರ್ಷ ಮಾತ್ರ ಮೂರು ಬಿಳಿ ಮರಿ ಹುಟ್ಟಿದ್ದವು. ಮರಿಯ ಮೊದಲ ಸಲದ ಉಣ್ಣೆ ಹತ್ತಿಯ ಹಾಗೆ ಮೆತ್ತಗಿರುತ್ತದೆ. ಎರಡನೇ ಸಲ ಕತ್ತರಿಸುವ ಹೊತ್ತಿಗೆ ಆ ಮೆತ್ತನೆತನ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. "ಇದು ನನಗಿರ್ಲಿ" ಎಂದು ನಾಗರತ್ನ ಕೇಳಿ ಇಟ್ಟುಕೊಂಡಳು. ಅತ್ತೆ ಕೆಂಚಕ್ಕ ರಾಟೆಯಲ್ಲಿ ಸಣ್ಣಗೆ ನೂತು ಕೊಟ್ಟಳು. ಐದು ಲಡಿ ಆಯಿತು, ಹಿಡಿ ಹೆಚ್ಚಿಲ್ಲ.

ಐದೇ ಲಡಿ ಬಿಳಿ ಇದ್ದದ್ದಕ್ಕೇ ತನ್ನ ಸ್ವೆಟರಿಗೆ ಪಟ್ಟೆಯ ಯೋಚನೆ ಬಂದದ್ದು. ತೇಜಶ್ರೀಯ ಗಣಿತದ ಚೌಕುಳಿ ಪುಸ್ತಕದಲ್ಲಿ ಒಂದು ಚೌಕಕ್ಕೆ ಒಂದು ಕುಣಿಕೆ ಎಂದು ಹಿಡಿದು ಬರೆದಳು: ಆರು ಸಾಲು ಕರಿ, ಆರು ಸಾಲು ಬಿಳಿ, ಕೆಳಗಿಂದ ಕುತ್ತಿಗೆಯವರೆಗೆ, ತೋಳಿಗೂ ಹಾಗೇ.

ನಾಗೇಂದ್ರಪ್ಪ ಇಣುಕಿದ. "ಏನೇ ಇದು? ಮೊಹರಮ್ಮಿಗೆ ಹುಲಿ ವೇಷ ಹಾಕ್ತೀಯಾ?"

"ಹೂಂ, ಹಾಕ್ತೀನಿ. ಮೊದ್ಲು ನಿನ್ನೇ ಹಿಡಿಯೋದು."

ಮಾರನೇ ದಿನ ಕೆಲಸದಿಂದ ಬಂದವಳು ಅಂಗಳದಲ್ಲೇ ನಿಂತುಬಿಟ್ಟಳು. ಐದೂ ಲಡಿ ಹಗ್ಗದ ಮೇಲೆ ಬೇಲಿ ತಂತಿಯ ಹಾಗೆ ಸೆಟೆದುಕೊಂಡಿದ್ದವು. ಕಂಬಳಿ ನೇಯಲು ಉದ್ದಕ್ಕೆ ಬಿಗಿಯುವ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚದಿದ್ದರೆ ಮಗ್ಗದಲ್ಲಿ ಎಳೆ ಎಳೆಯಾಗಿ ಕಿತ್ತು ಬರುತ್ತದೆ. ಐವತ್ತು ವರ್ಷ ಆ ಕೆಲಸ ಮಾಡಿದ ಕೆಂಚಕ್ಕ, ಸೊಸೆ ಮರೆತಿದ್ದಾಳೆಂದುಕೊಂಡು ತಾನೇ ಬೀಜ ಅರೆದು, ಗಂಜಿ ಕಾಯಿಸಿ, ಹಚ್ಚಿ, ಒಣಹಾಕಿದ್ದಳು.

"ಅತ್ತೆ! ಯಾರು ಹೇಳಿದ್ರು ನಿಮಗೆ ಗಂಜಿ ಹಚ್ಚಾಕೆ?"

"ಯಾರು ಹೇಳ್ಬೇಕೇ? ಗಂಜಿ ಇಲ್ದೆ ನೂಲು ನಿಲ್ತೈತಾ?"

"ಮಗ್ಗಕ್ಕಲ್ಲ ಅತ್ತೆ ಇದು, ಕಡ್ಡೀಗೆ! ಇನ್ನು ತಗಡು ಬಗ್ಗಿಸ್ದಂಗೆ ಬಗ್ಗಿಸ್ಲಾ?"

ಸಿಟ್ಟಿನಲ್ಲಿ ಒಲೆಯ ಮೇಲಿದ್ದ ಬಿಸಿನೀರನ್ನು ಬಕೆಟ್ಟಿಗೆ ಸುರಿದು, ಮೂರು ಲಡಿ ಅದ್ದಿ ತಿಕ್ಕತೊಡಗಿದಳು. "ತಿಕ್ಕಬ್ಯಾಡ ಕಣೇ, ಗಂಟಾಗ್ತೈತೆ!" ಎಂದು ಕೆಂಚಕ್ಕ ಕೂಗುವಷ್ಟರಲ್ಲಿ ಗಂಜಿ ಬಿಟ್ಟಿತ್ತು, ಎಳೆಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಉಳಿದೆರಡನ್ನು ಮುದುಕಿ ಕಸಿದುಕೊಂಡು ತಣ್ಣೀರಲ್ಲಿ ಅಂಟುವಾಳದ ನೊರೆಗೆ ಹಾಕಿ, ಹಿಂಡದೆ ನೆನೆಸಿಟ್ಟಳು. ಅವು ಉಳಿದವು.

ಎರಡು ದಿನ ಅತ್ತೆ ಸೊಸೆ ಮಾತಾಡಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಕೆಂಚಕ್ಕ ಕೇಳಲಿಲ್ಲ, ನಾಗರತ್ನ ಹೇಳಲಿಲ್ಲ. ಇನ್ನೊಂದು ವರ್ಷ ಕಾಯಬೇಕು, ಕಾದರೂ ಮರಿ ಬಿಳಿಯದೇ ಹುಟ್ಟಬೇಕಲ್ಲ? ಅಷ್ಟರವರೆಗೆ ಮಗಳು ಬಿಟ್ಟ ಸ್ವೆಟರೇ ಗತಿ ಎಂದುಕೊಂಡು ಚೌಕುಳಿ ಹಾಳೆಯನ್ನು ಮಡಚಿಟ್ಟಳು.

ಮೂರನೇ ದಿನ ಸಂಜೆ ನೋಡಿದರೆ ಕೆಂಚಕ್ಕ ಜಗುಲಿಯಲ್ಲಿ ಕೂತು, ಕೆಟ್ಟ ಲಡಿಯ ಗಂಟುಗಳನ್ನು ಕತ್ತರಿಸಿ ತೆಗೆದು, ಉಳಿದ ಬಿಳಿ ತುಂಡುಗಳನ್ನು ಕರಿ ಎಳೆಯ ಜೊತೆ ಸೇರಿಸಿ ಹುರಿ ಹಾಕುತ್ತಿದ್ದಳು. ಕರಿ ಎಳ್ಳು ಬಿಳಿ ಎಳ್ಳು ಬೆರೆಸಿದಂಥ ಬಣ್ಣ.

"ಇದಾಗ್ತೈತಾ ನೋಡು."

"ನಾನು ಬರ್ಕೊಂಡಿದ್ದು ಬಿಳೀದು."

"ಬರ್ದಿದ್ದು ನೀನೇ ಅಲ್ವೇನೇ? ಅಳ್ಸು. ಕೈ ಐತಲ್ಲ."

ನಾಗರತ್ನ ಒಳಗೆ ಹೋಗಿ ಕೆಡದೆ ಉಳಿದ ಎರಡು ಲಡಿ ಬಿಳಿಯಲ್ಲಿ ಅಂಗೈ ಅಗಲದ ತುಂಡೊಂದನ್ನು ಹೆಣೆದು, ಒಂದು ಲಡಿಗೆ ಎಷ್ಟು ಸಾಲು ಬರುತ್ತದೆಂದು ಎಣಿಸಿ, ಬಿಚ್ಚಿ ಮತ್ತೆ ಸುತ್ತಿದಳು. ಇಡೀ ಮೈಗೆ ಸಾಲದು. ಹಾಗಾದರೆ ಬಿಳಿ ಎಲ್ಲಿರಬೇಕು? ಬೆನ್ನಿನದು ತನಗೆ ಕಾಣುವುದಿಲ್ಲ, ತೋಳು ಬೇಗ ಕೊಳೆಯಾಗುತ್ತದೆ. ಎದೆಯ ಮೇಲೆ ಮೂರು ಅಗಲವಾದ ಬಿಳಿ ಪಟ್ಟೆ, ಉಳಿದ ಕಡೆ ಎಳ್ಳು ಬಣ್ಣದ ಸಣ್ಣ ಪಟ್ಟೆಗಳು, ನಡುವೆ ಕರಿ. ಹೊಸ ಹಾಳೆಯಲ್ಲಿ ಬರೆದಳು. ಬರೆದ ಮೇಲೆ ಹಳೆಯದಕ್ಕಿಂತ ಇದೇ ವಾಸಿ ಅನ್ನಿಸಿತು, ಆದರೆ ಅತ್ತೆಗೆ ಹೇಳಲಿಲ್ಲ. "ಇನ್ನೂ ಎರಡು ಉಂಡೆ ಹುರಿ ಹಾಕ್ರಿ" ಎಂದಳು, ಅಷ್ಟೇ.

ಹುರಿ ನೂಲು ದಪ್ಪ. ಅದು ಬಂದ ಕಡೆ ಬಟ್ಟೆ ಹಿಗ್ಗಿತು, ಬಿಳಿ ಬಂದ ಕಡೆ ಒಳಸರಿಯಿತು. ಎರಡು ಸಲ ಬಿಚ್ಚಿ, ಬಿಳಿಯ ಸಾಲಿಗೆ ನಾಲ್ಕು ಕುಣಿಕೆ ಹೆಚ್ಚಿಸಿ ಸರಿಮಾಡಿದಳು. ಎಡತೋಳು ಬಲಕ್ಕಿಂತ ಬೆರಳಷ್ಟು ಉದ್ದವಾಯಿತು. ಅದನ್ನು ಮಡಚಿದಳು.

ಮುಗಿದದ್ದು ಸಂಕ್ರಾಂತಿಯ ಹಿಂದಿನ ವಾರ. ಬೆಳಿಗ್ಗೆ ಸೀರೆಯ ಮೇಲೆ ತೊಟ್ಟು ಹೊಸ್ತಿಲಿಗೆ ಬಂದಳು. ಕೆಂಚಕ್ಕ ಹತ್ತಿರ ಕರೆದು, ಎದೆಯ ಪಟ್ಟೆಗಳ ಮೇಲೆ ಕೈಯಾಡಿಸಿ, ಎರಡನೇ ಪಟ್ಟೆಯಲ್ಲಿ ಬೆರಳು ನಿಲ್ಲಿಸಿದಳು.

"ಇಲ್ಲೊಂದು ಕುಣಿಕೆ ಬಿಟ್ಟೀಯ. ತೆಗಿ, ಬಿಚ್ಚಿ ಮತ್ತೆ ಹಾಕು."

ಹೊರಗೆ ಆಟೋ ಹಾರನ್ ಹೊಡೆಯಿತು. ಆಟೋದಲ್ಲಿದ್ದ ಕ್ಯಾಂಟೀನಿನ ಜೊತೆಗಾತಿ ಮೂಗಮ್ಮ, "ಬಾರೇ, ಗಾಳಿ ಕುಡ್ಕೊಂಡು ಕೂತೀವಿ" ಎಂದು ಕೂಗಿದಳು.

"ಬಿಚ್ಚಲ್ಲ ಅತ್ತೆ."

"ತೂತು ಕಾಣ್ತೈತೆ ಕಣೇ!"

"ಕಾಣ್ಲಿ ಬಿಡ್ರಿ" ಎಂದು ನಾಗರತ್ನ ಡಬ್ಬಿ ಎತ್ತಿಕೊಂಡು, ಆಟೋದಲ್ಲಿ ಗಾಳಿ ಬಡಿಯುವ ಅಂಚಿನ ಸೀಟಿನಲ್ಲೇ ಕೂತಳು.