ಗಾಳಿಯ ಕಣ್ಣು

ವಿಂಡೋ ಎಂಬ ಇಂಗ್ಲಿಷ್ ಪದದ ಮೂಲ ಅರ್ಥ ‘ಗಾಳಿಯ ಕಣ್ಣು’. ಮೊದಲು ಅದು ಗೋಡೆಯ ಕಿಟಕಿಯಲ್ಲ, ಹೊಗೆ ಹೋಗಲು ಚಾವಣಿಯಲ್ಲಿ ಬಿಟ್ಟ ಕಿಂಡಿಯಾಗಿತ್ತಂತೆ. ಹಿರಿಯೂರಿನ ಕಾಲೇಜಿನಲ್ಲಿ ಪ್ರತಿ ವರ್ಷ ಇದನ್ನು ವಿದ್ಯಾರ್ಥಿಗಳಿಗೆ ಠೀವಿಯಿಂದ ಹೇಳುತ್ತೇನೆ.

ಮತ್ತೋಡಿನ ನಮ್ಮ ಮಣ್ಣಿನ ಮಾಳಿಗೆ ಮನೆಯಲ್ಲೂ ಒಲೆಯ ಮೇಲೆ ಅಂಥದೇ ಬೆಳಕಿಂಡಿ ಇತ್ತು. ಆ ಮನೆ ಕೆಡವಿ ಹೊಸದು ಕಟ್ಟಿಸುವಾಗ ಅವ್ವ, “ಅಡಿಗೆ ಮನೇಲಿ ಒಂದು ಬೆಳಕಿಂಡಿ ಬಿಡ್ಸಪ್ಪ” ಎಂದಿದ್ದಳು. ಮೇಸ್ತ್ರಿ, “ಮೋಲ್ಡಿಗೆ ತೂತು ಬಿಟ್ರೆ ಸೋರ್ತೈತ್ರಿ” ಎಂದ. ಪದದ ಮೂಲ ಬಲ್ಲ ನಾನು ಅವನ ಮಾತಿಗೇ ತಲೆಯಾಡಿಸಿದೆ.

ಅವ್ವನಿಗೆ ಗಡಿಯಾರ ನೋಡಲು ಬರುವುದಿಲ್ಲ. ಕಿಂಡಿಯಿಂದ ಬಿದ್ದ ಬಿಸಿಲು ನೆಲದ ಮೇಲೆ ಎಲ್ಲಿಗೆ ಸರಿದಿದೆ ಎಂದು ನೋಡಿಯೇ ಅವಳು ಮುದ್ದೆಗೆ ಎಸರಿಡುತ್ತಿದ್ದಳು. ಈಗ ನಡುಹಗಲಲ್ಲೂ ಟ್ಯೂಬ್‌ಲೈಟಿನ ಕೆಳಗೆ ಕೂತು ಕೇಳುತ್ತಾಳೆ: “ಹೊತ್ತೆಷ್ಟಾತಪ್ಪ?”